ಬಾಂಬೆ ಮಿಠಾಯಿಯೋ, ಟಿಂಚರೋ: ಬ್ಯಾಕರಾ ರೂಜ್ 540ರ ಜಗಳ

ಬೆಂಗಳೂರಿನ ಮಾಲೊಂದರ ಸೆಂಟಿನ ಕೌಂಟರಿನಲ್ಲಿ ಅಕ್ಕ ತಂಗಿ ಇಬ್ಬರು ಒಂದೇ ಕಾಗದದ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತ ನಿಂತಿದ್ದರು. ತಂಗಿ ಕಣ್ಣು ಮುಚ್ಚಿಕೊಂಡು, "ಜಾತ್ರೇಲಿ ಬಾಂಬೆ ಮಿಠಾಯಿ ಸುತ್ತೋವಾಗ ಬರುತ್ತಲ್ಲ, ಅದೇ ಕಣೇ ಅಕ್ಕ" ಅಂದಳು. ಅಕ್ಕ ಮೂಗಿಗೆ ಹಿಡಿದವಳೇ ಮುಖ ಸಿಂಡರಿಸಿ, "ಏನು ಮಿಠಾಯಿನೇ, ಹಲ್ಲು ಕೀಳಿಸೋಕೆ ಹೋದ ಹಾಗಿದೆ. ಟಿಂಚರ್ ವಾಸನೆ" ಅಂದಳು. ಪಕ್ಕದಲ್ಲಿದ್ದ ಅಕ್ಕನ ಗಂಡ ಎರಡು ಸಲ ಮೂಸಿ ನೋಡಿ, "ಇದಕ್ಕೆ ಏನಾದ್ರೂ ಹಾಕಿದ್ದೀರಾ ಇವ್ರೇ?" ಎಂದು ಸೇಲ್ಸ್ ಹುಡುಗನನ್ನು ಕೇಳಿದರು. ಅವರಿಗೆ ಏನೂ ಬಂದಿರಲಿಲ್ಲ. ಪಟ್ಟಿ ಒಂದೇ, ಹೊಡೆದದ್ದು ಒಂದೇ ಸಲ, ನಡುವೆ ಅರ್ಧ ನಿಮಿಷವೂ ಕಳೆದಿರಲಿಲ್ಲ.

ಆ ಪಟ್ಟಿಯ ಮೇಲಿದ್ದದ್ದು ಬ್ಯಾಕರಾ ರೂಜ್ 540. ಕಳೆದ ಹತ್ತು ವರ್ಷಗಳಲ್ಲಿ ಇಷ್ಟು ಹೊಗಳಿಸಿಕೊಂಡ, ಇಷ್ಟು ಬೈಸಿಕೊಂಡ ಸುಗಂಧ ಇನ್ನೊಂದು ಸಿಗುವುದು ಕಷ್ಟ. ಕೆಲವರಿಗೆ ಇದು ಬದುಕಿನಲ್ಲೇ ಕಂಡ ಅತಿ ಚೆಂದದ ಪರಿಮಳ, ಕೆಲವರಿಗೆ ಲಿಫ್ಟಿನಲ್ಲಿ ಉಸಿರು ಬಿಗಿಹಿಡಿಸುವ ಘಾಟು, ಇನ್ನು ಕೆಲವರಿಗೆ ದುಬಾರಿ ನೀರು. ಇದನ್ನು ಎಲ್ಲರೂ ರುಚಿಭೇದ ಎಂದು ತಳ್ಳಿಹಾಕುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಒಂದೇ ಹಾಡನ್ನು ಕೇಳಿ ಒಬ್ಬರು ಮೆಚ್ಚಿ ಇನ್ನೊಬ್ಬರು ಮೆಚ್ಚದಿದ್ದರೆ ಅದು ರುಚಿಭೇದ. ಇಲ್ಲಿ ಇಬ್ಬರ ಮೂಗಿಗೆ ತಲುಪಿದ್ದೇ ಬೇರೆ ಬೇರೆ. ಅಕ್ಕ ಹೇಳಿದ್ದೂ ನಿಜ, ತಂಗಿ ಹೇಳಿದ್ದೂ ನಿಜ, ಭಾವನವರದೂ ನಿಜ. ಅದು ಹೇಗೆ ಎಂದು ನೋಡಲು ಬಾಟಲಿಯೊಳಗೆ ಇಳಿಯಬೇಕು.

ಬಾಟಲಿಯೊಳಗೆ

ಬ್ಯಾಕರಾ ಎನ್ನುವುದು ಫ್ರಾನ್ಸಿನ ಲೊರೇನ್ ಪ್ರಾಂತ್ಯದ ಒಂದು ಊರು, ಅಲ್ಲಿ 1764ರಲ್ಲಿ ಶುರುವಾದ ಸ್ಫಟಿಕ ಗಾಜಿನ ಕಾರ್ಖಾನೆಯ ಹೆಸರೂ ಅದೇ. ಕಾರ್ಖಾನೆಗೆ 250 ವರ್ಷ ತುಂಬಿದಾಗ ಸುಗಂಧ ತಯಾರಕ ಫ್ರಾನ್ಸಿಸ್ ಕುರ್ಕ್‌ಜಿಯಾನ್ ಅವರಿಂದ ಒಂದು ಸುಗಂಧ ಮಾಡಿಸಿ 250 ಸ್ಫಟಿಕದ ಬಾಟಲಿಗಳಲ್ಲಿ ಮಾತ್ರ ತುಂಬಿಸಿದರು. ಬಂಗಾರದ ಪುಡಿ ಬೆರೆಸಿದ ಗಾಜು ಕೆಂಪಗಾಗುವ ಶಾಖ 540 ಡಿಗ್ರಿ, ಹೆಸರು ಬಂದದ್ದು ಅಲ್ಲಿಂದ. 2015ರಲ್ಲಿ ಅದು ಕುರ್ಕ್‌ಜಿಯಾನ್ ಅವರ ಸ್ವಂತ ಮಳಿಗೆಯ ಹೆಸರಿನಲ್ಲಿ ಎಲ್ಲರಿಗೂ ಸಿಗುವಂತಾಯಿತು, 2017ರಲ್ಲಿ ಅದರದೇ ಇನ್ನಷ್ಟು ಗಟ್ಟಿಯಾದ ರೂಪ ಎಕ್ಸ್‌ಟ್ರೇ ಬಂತು. ಕಂಪನಿ ಹೇಳುವ ಪಟ್ಟಿಯಲ್ಲಿ ಕೇಸರಿ, ಮಲ್ಲಿಗೆ, ಅಂಬರ್ ಮರ, ಅಂಬರ್‌ಗ್ರೀಸ್, ಫರ್ ಮರದ ರಾಳ, ದೇವದಾರು ಇವೆ. ಓದಿದವರಿಗೆ ಕೇಸರಿಬಾತಿನ ನೆನಪು ಬರಬಹುದು. ಮೂಸಿದಾಗ ಆ ನೆನಪು ನಿಲ್ಲುವುದಿಲ್ಲ.

ಈ ಸುಗಂಧದ ವಿಶೇಷ ಇರುವುದು ಅದರ ಬರಿದುತನದಲ್ಲಿ. ಹಳೆಯ ಕಾಲದ ದೊಡ್ಡ ಸುಗಂಧಗಳಲ್ಲಿ ನೂರಾರು ಸಾಮಗ್ರಿಗಳು ಒಂದರ ಮೇಲೊಂದು ಕೂತು ಯಾವುದು ಎಲ್ಲಿ ಮುಗಿಯಿತು ಎಂದು ತಿಳಿಯದಂತೆ ಬೆರೆತಿರುತ್ತವೆ. ಇಲ್ಲಿ ಹೊರೆಯನ್ನೆಲ್ಲ ಹೊತ್ತಿರುವುದು ಐದಾರು ವಸ್ತುಗಳು, ಪ್ರತಿಯೊಂದೂ ಎದ್ದು ಕಾಣುವ ಪ್ರಮಾಣದಲ್ಲಿ. ಮೊದಲನೆಯದು ಎಥಿಲ್ ಮಾಲ್ಟಾಲ್, ಬಿಳಿಯ ಹರಳಿನ ಪುಡಿ. ಸಕ್ಕರೆ ಕಾಯಿಸಿದಾಗ, ಬಾರ್ಲಿ ಹುರಿದಾಗ ತಾನಾಗಿ ಹುಟ್ಟುವ ಮಾಲ್ಟಾಲಿನ ಕೃತಕ ತಮ್ಮ ಇದು, ಅಣ್ಣನಿಗಿಂತ ನಾಲ್ಕೈದು ಪಟ್ಟು ಜೋರು. ತಂಗಿಗೆ ಬಂದ ಬಾಂಬೆ ಮಿಠಾಯಿ ಇದರದ್ದು. ಎರಡನೆಯದು ಅಂಬ್ರಾಕ್ಸಾನ್. ನಮ್ಮ ಪತ್ರಿಕೆಗಳಲ್ಲಿ 'ತಿಮಿಂಗಿಲ ವಾಂತಿ ವಶ' ಎಂಬ ತಲೆಬರಹದಡಿ ಆಗಾಗ ಕಾಣುವ ಅಂಬರ್‌ಗ್ರೀಸಿನ ಪರಿಮಳದ ಮುಖ್ಯ ಅಣುವೇ ಇದು. ಆ ವಸ್ತುವನ್ನು ಇಟ್ಟುಕೊಳ್ಳುವುದೂ ಮಾರುವುದೂ ನಮ್ಮ ದೇಶದಲ್ಲಿ ಅಪರಾಧ, ಸುಗಂಧದ ಬಾಟಲಿಗೆ ಬರುವುದು ಮಾತ್ರ ತಿಮಿಂಗಿಲದಿಂದಲ್ಲ. ತುಳಸಿಯ ಕುಟುಂಬಕ್ಕೇ ಸೇರಿದ ಕ್ಲಾರಿ ಸೇಜ್ ಗಿಡದಿಂದ ತೆಗೆದ ಸ್ಕ್ಲೇರಿಯಾಲ್ ಎಂಬ ವಸ್ತುವಿನಿಂದ, ಇಲ್ಲವೇ ಈಚೆಗೆ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಅಂಬ್ರಾಕ್ಸಾನ್ ತಯಾರಿಸುತ್ತಾರೆ. ಒಣಗಿದ ಮರ, ಉಪ್ಪು, ಬಿಸಿಲಿಗೆ ಕಾದ ಚರ್ಮ, ಹೀಗೆ ಹೇಳಬಹುದೇ ಹೊರತು ಇಂಥದ್ದೇ ಎಂದು ಬೆರಳಿಟ್ಟು ತೋರಿಸಲಾಗದ ವಾಸನೆ.

ಮೂರನೆಯದು ಹೀಡಿಯೋನ್, ಮಲ್ಲಿಗೆಯ ಹೆಸರಿನಲ್ಲಿ ಬಂದಿರುವುದು ಹೆಚ್ಚಾಗಿ ಇದೇ. ಮಲ್ಲಿಗೆ ಎಂದರೆ ನಾವು ಮೈಸೂರು ಮಲ್ಲಿಗೆಯನ್ನೋ ಶಂಕರಪುರ ಮಲ್ಲಿಗೆಯನ್ನೋ ನಿರೀಕ್ಷಿಸುತ್ತೇವೆ, ಆದರೆ ಹೀಡಿಯೋನಿಗೆ ಆ ಗಾಢತೆ ಇಲ್ಲ. ಅದು ಮಲ್ಲಿಗೆಯಿಂದ ಭಾರವನ್ನು ತೆಗೆದು ಗಾಳಿಯನ್ನಷ್ಟೇ ಉಳಿಸಿದ ಹಾಗೆ. 1966ರಲ್ಲಿ ಡಿಯೋರ್ ಕಂಪನಿಯ ಓ ಸೊವಾಜ್‌ನಲ್ಲಿ ಮೊದಲು ಹೆಸರು ಮಾಡಿತು, ಅಲ್ಲಿಂದ ಇದಿಲ್ಲದ ಸುಗಂಧವೇ ಅಪರೂಪ. ನಾಲ್ಕನೆಯದು ಎವರ್ನಿಲ್, ಓಕ್ ಮರದ ಮೇಲೆ ಬೆಳೆಯುವ, ಕಲ್ಲುಹೂವಿನ ಜಾತಿಯ ಓಕ್‌ಮಾಸ್‌ನ ಬದಲಿ, ಒಣ ಪೌಡರಿನ ಮತ್ತು ಶಾಯಿಯ ನಡುವಿನ ವಾಸನೆ. ಕೊನೆಯದು ಕೇಸರಿ.

ಅಕ್ಕನ ಟಿಂಚರ್ ಬಂದದ್ದು ಈ ಕೇಸರಿಯಿಂದ. ಕೇಸರಿಯ ಎಸಳು ಗಿಡದಲ್ಲಿದ್ದಾಗ ಅದಕ್ಕೆ ಆ ಪರಿಮಳ ಇರುವುದಿಲ್ಲ. ಒಣಗಿಸುವಾಗ ಅದರ ಕಹಿ ಅಂಶವಾದ ಪಿಕ್ರೊಕ್ರೋಸಿನ್ ಒಡೆದು ಸಫ್ರಾನಾಲ್ ಹುಟ್ಟುತ್ತದೆ. ಸಫ್ರಾನಾಲಿನ ವಾಸನೆಯನ್ನು ವರ್ಣಿಸುವಾಗ ಬಲ್ಲವರು ಬಳಸುವ ಮಾತು ಎರಡೇ: ಒಣಹುಲ್ಲು, ಅಯೋಡೋಫಾರ್ಮ್. ಗಾಯಕ್ಕೆ ಹಚ್ಚಿ ಪಟ್ಟಿ ಕಟ್ಟುತ್ತಿದ್ದ, ಹಲ್ಲಿನ ಡಾಕ್ಟರು ಬಳಸುವ ಪೇಸ್ಟುಗಳಲ್ಲಿ ಈಗಲೂ ಕಾಣುವ ಅದೇ ಅಯೋಡೋಫಾರ್ಮ್. ಕೇಸರಿಯನ್ನು ಹಾಲಿನಲ್ಲಿ ನೆನೆಸಿ, ತುಪ್ಪ, ಏಲಕ್ಕಿ, ಸಕ್ಕರೆಯ ಜೊತೆ ಮೂಸುವ ನಮಗೆ ಅದರ ಈ ಮುಖ ಕಾಣುವುದಿಲ್ಲ. ಎರಡು ಚಿಟಿಕೆ ಕೇಸರಿಯನ್ನು ಮುಚ್ಚಳ ಬಿಗಿಯಿರುವ ಸಣ್ಣ ಡಬ್ಬಿಯಲ್ಲಿ ಒಂದು ದಿನ ಬಿಟ್ಟು, ತೆಗೆದ ಕೂಡಲೇ ಮೂಗು ಹತ್ತಿರ ಒಯ್ದರೆ ಆ ಔಷಧಿಯ ಎಳೆ ಸ್ಪಷ್ಟವಾಗಿ ಸಿಗುತ್ತದೆ. ಸುಗಂಧದಲ್ಲಿ ಸಫ್ರಾನಾಲ್ ಬಳಕೆಗೆ ಬಿಗಿಯಾದ ಮಿತಿ ಇರುವುದರಿಂದ ಅದರ ಜಾಗದಲ್ಲಿ ಸಫ್ರಾಲಿನ್ ಎಂಬ ಕೃತಕ ವಸ್ತು ಬಳಕೆಯಲ್ಲಿದೆ. ಅದು ಕೇಸರಿಯ ಜೊತೆಗೆ ಹದಮಾಡಿದ ಚರ್ಮದ ವಾಸನೆಯನ್ನೂ ತರುತ್ತದೆ. ಸುತ್ತ ತುಪ್ಪವಿಲ್ಲ, ಹಾಲಿಲ್ಲ, ಏಲಕ್ಕಿಯಿಲ್ಲ. ಕಾಯಿಸಿದ ಸಕ್ಕರೆ ಮತ್ತು ಔಷಧಿ ಎದುರುಬದುರು ನಿಂತಿವೆ, ನಡುವೆ ಅಡ್ಡ ಬರುವವರು ಯಾರೂ ಇಲ್ಲ. ಕುರ್ಕ್‌ಜಿಯಾನ್ ಅವರ ಎದೆಗಾರಿಕೆ ಇರುವುದು ಇಲ್ಲಿ. ಈ ಎರಡರ ನಡುವೆ ಹೂವನ್ನೋ ಹಣ್ಣನ್ನೋ ತುಂಬಿ ಅಂಚುಗಳನ್ನು ಮೆದುವಾಗಿಸಿದ್ದರೆ ಯಾರೂ ಜಗಳವಾಡುತ್ತಿರಲಿಲ್ಲ, ಯಾರೂ ನೆನಪಿಡುತ್ತಲೂ ಇರಲಿಲ್ಲ.

ಮೂಗುಗಳು ಬೇರೆ

ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾಗ್ರಾಹಕಗಳಿವೆ. ಅವುಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಆಮೇಲಿನ ಸಂಶೋಧನೆ ತೋರಿಸಿದ ಸಂಗತಿಯೇ ನಮ್ಮ ಜಗಳಕ್ಕೆ ಹೆಚ್ಚು ಬೇಕಾದದ್ದು: ಯಾವುದೇ ಇಬ್ಬರನ್ನು ತೆಗೆದುಕೊಂಡರೂ ಈ ಗ್ರಾಹಕಗಳ ವಂಶವಾಹಿ ರೂಪಗಳಲ್ಲಿ ಶೇ. 30ಕ್ಕೂ ಹೆಚ್ಚು ಭಾಗ ಕೆಲಸ ಮಾಡುವ ರೀತಿಯಲ್ಲೇ ಬೇರೆಯಾಗಿರುತ್ತದೆ. ಕಣ್ಣಿನಲ್ಲಿ ಬಣ್ಣಕ್ಕಿರುವ ಗ್ರಾಹಕ ಮೂರೇ, ಅದರಲ್ಲಿ ಒಂದು ಕೈಕೊಟ್ಟರೆ ಬಣ್ಣಗುರುಡು ಎಂದು ಹೆಸರಿಡುತ್ತೇವೆ. ಮೂಗಿನಲ್ಲಿ ಅಂಥ ಕುರುಡುಗಳು ಪ್ರತಿಯೊಬ್ಬರಿಗೂ ಹತ್ತಾರು ಇವೆ, ಪರೀಕ್ಷೆ ಮಾಡುವವರಿಲ್ಲದ್ದರಿಂದ ಗೊತ್ತಾಗುವುದಿಲ್ಲ ಅಷ್ಟೆ.

ಎರಡು ಉದಾಹರಣೆಗಳು ಚೆನ್ನಾಗಿ ಅಧ್ಯಯನವಾಗಿವೆ. ಆಂಡ್ರೋಸ್ಟಿನೋನ್ ಎಂಬ ವಸ್ತು ಕೆಲವರಿಗೆ ಬೆವರು ಮತ್ತು ಮೂತ್ರದ ನಾತ, ಕೆಲವರಿಗೆ ವೆನಿಲಾದಂಥ ಸಿಹಿ, ಕೆಲವರಿಗೆ ಏನೂ ಇಲ್ಲ. ಓಆರ್7ಡಿ4 ಎಂಬ ಒಂದೇ ಗ್ರಾಹಕದ ವ್ಯತ್ಯಾಸ ಇದಕ್ಕೆ ಬಹುಮಟ್ಟಿಗೆ ಕಾರಣ ಎಂದು 2007ರಲ್ಲಿ ತೋರಿಸಿದರು. ಇನ್ನೊಂದು ಬೀಟಾ ಅಯನೋನ್, ವಯೊಲೆಟ್ ಹೂವಿನ ಪರಿಮಳದ ಜೀವಾಳ. ಓಆರ್5ಎ1 ಎಂಬ ಗ್ರಾಹಕದ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದವರಿಗೆ ಅದೇ ವಸ್ತು ಹುಳಿ ವಿನೆಗರಿನ ಹಾಗೆ ಬರುತ್ತದೆ. ಇವೆರಡೂ ನಮ್ಮ ಬಾಟಲಿಯ ವಸ್ತುಗಳಲ್ಲ. ಆದರೆ ಒಂದೇ ಅಣು ಒಬ್ಬರಿಗೆ ಹೂವು, ಇನ್ನೊಬ್ಬರಿಗೆ ಹುಳಿ ಆಗಬಹುದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ.

ಸುಗಂಧದ ಕೆಲಸದಲ್ಲಿರುವವರು ಇದನ್ನು ದಿನವೂ ನೋಡುತ್ತಾರೆ. ಅಂಬ್ರಾಕ್ಸಾನ್, ಮರದ ವಾಸನೆಯ ಐಸೋ ಈ ಸೂಪರ್ ಎಂಬ ಕೃತಕ ವಸ್ತು, ದೊಡ್ಡ ಗಾತ್ರದ ಕಸ್ತೂರಿ ಅಣುಗಳು ಕೆಲವರಿಗೆ ಬರುವುದೇ ಇಲ್ಲ, ಕೆಲವರಿಗೆ ಬಂದು ಹೋಗಿ ಮತ್ತೆ ಬರುತ್ತವೆ. ಈಗ ಆ ಬರಿದಾದ ಐದಾರು ವಸ್ತುಗಳ ರಚನೆಯನ್ನು ನೆನಪಿಸಿಕೊಳ್ಳಿ. ನೂರು ಸಾಮಗ್ರಿಗಳ ಸುಗಂಧದಲ್ಲಿ ನಿಮ್ಮ ಮೂಗಿಗೆ ಎರಡು ಕಾಣದಿದ್ದರೂ ಉಳಿದ ತೊಂಬತ್ತೆಂಟು ಆ ಜಾಗವನ್ನು ತುಂಬುತ್ತವೆ. ಐದರಲ್ಲಿ ಒಂದು ಕಾಣದಿದ್ದರೆ ಚಿತ್ರವೇ ಬದಲಾಗುತ್ತದೆ. ಅಂಬ್ರಾಕ್ಸಾನ್ ಕಾಣದವರಿಗೆ ಉಳಿಯುವುದು ಸಕ್ಕರೆ ಮತ್ತು ಔಷಧಿ, ಕೆಳಗೆ ಹಿಡಿದು ನಿಲ್ಲಿಸುವ ಒಣ ಮರ ಇಲ್ಲ, ಹಾಗಾಗಿ ಬೇಗ ಅಸಹ್ಯ. ಸಫ್ರಾಲಿನ್ ಮಂದವಾಗಿ ಬರುವವರಿಗೆ ಬರೀ ಮಿಠಾಯಿ. ಎಥಿಲ್ ಮಾಲ್ಟಾಲಿಗೆ ಮೂಗು ಬೇಗ ದಣಿಯುವವರಿಗೆ ಐದು ನಿಮಿಷದ ನಂತರ ಮಸುಕಾದ ಮರ, ಆಮೇಲೆ ಖಾಲಿ. ಈ ಸುಗಂಧ ಜನರನ್ನು ಇಷ್ಟು ಕಡಿದು ಪಾಲು ಮಾಡಿರುವುದಕ್ಕೆ ಅದರ ಬರಿದುತನವೇ ಮುಖ್ಯ ಕಾರಣ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಕಿಕೊಂಡವರಿಗೆ ಕಾಣದ್ದು

ಅಭಿಪ್ರಾಯ ಹೇಳುವವರು ಸಾಮಾನ್ಯವಾಗಿ ಒಂದು ಮಾತನ್ನು ಬಿಟ್ಟೇ ಹೇಳುತ್ತಾರೆ: ಎಷ್ಟು ಹಾಕಿದ್ದರು, ಎಷ್ಟು ದೂರದಿಂದ ಮೂಸಿದ್ದು, ಎಷ್ಟು ಹೊತ್ತಾಗಿತ್ತು. ಸ್ಪ್ರೇಯನ್ನು ಒಮ್ಮೆ ಒತ್ತಿದರೆ ಸುಮಾರು 0.1 ಮಿ.ಲೀ. ಬರುತ್ತದೆ. ಸುಗಂಧದ ಅಂಶ ಶೇ. 15 ಎಂದು ಹಿಡಿದರೆ ಚರ್ಮದ ಮೇಲೆ ಕೂರುವುದು 12 ಮಿ.ಗ್ರಾಂ. ಆಸುಪಾಸು. ಎರಡು ಸಲ ಒತ್ತಿದವರ ಮೇಲೆ 24 ಮಿ.ಗ್ರಾಂ., ಎಂಟು ಸಲ ಒತ್ತಿದವರ ಮೇಲೆ ನೂರರ ಹತ್ತಿರ. ಹಗುರ ನಿಂಬೆಯ ಸುಗಂಧವಾದರೆ ಈ ವ್ಯತ್ಯಾಸ ಅರ್ಧ ಗಂಟೆಯಲ್ಲಿ ಹಾರಿಹೋಗುತ್ತದೆ. ಇಲ್ಲಿ ಹಾರುವ ವಸ್ತುವೇ ಕಡಿಮೆ. ಅಂಬ್ರಾಕ್ಸಾನ್ ಕಾಗದದ ಮೇಲೆ ದಿನಗಟ್ಟಲೆ ಇರುತ್ತದೆ, ಬಟ್ಟೆಯ ಮೇಲೆ ಒಂದು ಒಗೆತ ದಾಟಿಯೂ ಉಳಿಯುತ್ತದೆ.

ಹಾಕಿಕೊಂಡವರ ಮೂಗು ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಹೋಗುತ್ತದೆ. ಅವರಿಗೆ ಮಾಯವಾಗಿದೆ ಅನಿಸುತ್ತದೆ, ಮತ್ತೆ ಎರಡು ಸಲ ಒತ್ತುತ್ತಾರೆ. ಹೊರಗಿನಿಂದ ಬಂದವರ ಮೂಗು ಹೊಸದು. ಆಫೀಸಿನ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರೂ ಇಲ್ಲದಿದ್ದರೂ ಆ ಸುಟ್ಟ ಸಕ್ಕರೆಯ ಘಮ ನಿಂತಿರುತ್ತದೆ. ನಾಲ್ಕನೆಯ ಮಹಡಿಯಲ್ಲಿ ಇಳಿದುಹೋದವರು ತಮ್ಮ ಡೆಸ್ಕಿನಲ್ಲಿ ಕೂತು ಪಕ್ಕದವರನ್ನು "ಬೆಳಿಗ್ಗೆ ಹಾಕಿದ್ದು, ಈಗ ಒಂಚೂರೂ ಇಲ್ಲ ಅಲ್ವಾ?" ಎಂದು ಕೇಳುತ್ತಿರುತ್ತಾರೆ. ಎರಡೂ ಕಡೆ ಯಾರೂ ಸುಳ್ಳು ಹೇಳುತ್ತಿಲ್ಲ. 'ನಿಲ್ಲುವುದೇ ಇಲ್ಲ' ಎಂದು ಬರೆಯುವವರೂ 'ತಲೆ ಸಿಡಿಯುತ್ತದೆ' ಎಂದು ಬರೆಯುವವರೂ ಎಷ್ಟೋ ಸಲ ಒಂದೇ ಮೈಮೇಲಿನ ಒಂದೇ ಸುಗಂಧದ ಬಗ್ಗೆ ಮಾತಾಡುತ್ತಿರುತ್ತಾರೆ.

ಹವೆಯದೂ ಪಾಲಿದೆ. ಶಾಖ ಹೆಚ್ಚಿದಂತೆ ಎಲ್ಲ ವಸ್ತುವೂ ಬೇಗ ಆವಿಯಾಗುತ್ತದೆ. ಪ್ಯಾರಿಸಿನ ಚಳಿಗಾಲದಲ್ಲಿ ಕೋಟಿನ ಕೆಳಗೆ ಮೆಲ್ಲಗೆ ಏಳುವುದು ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ, ಬೆವರಿದ ಕುತ್ತಿಗೆಯ ಮೇಲೆ, ಒಂದೇ ಸಲಕ್ಕೆ ಏಳುತ್ತದೆ. ಕಲಬುರಗಿಯ ಒಣ ಬಿಸಿಲಿನಲ್ಲಿ ಮಿಠಾಯಿಯ ಭಾಗ ಬೇಗ ಕಳೆದು ಮರದ ಭಾಗ ಮುಂದೆ ಬರುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಇದೇ ಸುಗಂಧ ತುಂಬ ಸಭ್ಯ. ಹಾಗಾಗಿ ನಮ್ಮ ಹವೆಯಲ್ಲಿ ಒಂದು, ಹೆಚ್ಚೆಂದರೆ ಎರಡು ಒತ್ತು ಸಾಕು, ಅದೂ ಕುತ್ತಿಗೆಗಲ್ಲ. ಅಂಗಿಯ ಒಳಗೆ ಎದೆಯ ಮೇಲೆ, ಇಲ್ಲವೇ ಮೊಣಕೈ ಮಡಿಸುವ ಕಡೆ. ಮೂಗಿನ ನೇರ ಕೆಳಗೆ ಹಾಕಿದಷ್ಟೂ ಒಗ್ಗಿಹೋಗುವುದು ಬೇಗ.

ನಕಲುಗಳ ಮಾತನ್ನು ಚುಟುಕಾಗಿ ಹೇಳುತ್ತೇನೆ. 70 ಮಿ.ಲೀ. ಅಸಲಿ ಬಾಟಲಿ ನಮ್ಮಲ್ಲಿ 20,000 ರೂಪಾಯಿ ದಾಟುತ್ತದೆ, ಅಂದರೆ ಒಂದೊಂದು ಒತ್ತಿಗೆ 28 ರೂಪಾಯಿಯ ಮೇಲೆ. ಅದರ ಛಾಯೆಯ ಸೆಂಟುಗಳು ಕೆಲವು ನೂರಕ್ಕೂ ಸಿಗುತ್ತವೆ. ಎಥಿಲ್ ಮಾಲ್ಟಾಲ್ ಅಗ್ಗ, ಹಾಗಾಗಿ ನಕಲುಗಳಲ್ಲಿ ಅದು ಎರಡು ಮೂರು ಪಾಲು ಏರುವುದು ಸಾಮಾನ್ಯ. ಅಂಬ್ರಾಕ್ಸಾನಿನ ಜಾಗದಲ್ಲಿ ಒಂದು ಹನಿಗೇ ಕೋಣೆ ತುಂಬುವ ಚೂಪು ಮರದ ವಸ್ತುಗಳು, ಅಂದರೆ ನಾರ್ಲಿಂಬನಾಲ್, ಅಂಬರ್ ಎಕ್ಸ್‌ಟ್ರೀಮ್ ಬಗೆಯವು, ಬಂದು ಕೂರುತ್ತವೆ. ಕೆಲವರ ಮೂಗಿಗೆ ಇವು ಸೂಜಿ ಚುಚ್ಚಿದಂತೆ ಬರುತ್ತವೆ, ತಲೆನೋವೂ ಬರುತ್ತದೆ. ಕ್ಯಾಬಿನಲ್ಲಿ, ಮದುವೆ ಛತ್ರದಲ್ಲಿ, ಮೆಟ್ರೋದಲ್ಲಿ ನೂರು ಸಲ ಇದನ್ನು ಮೂಸಿದವರು ಅಸಲಿಯನ್ನು ಮೂಸುವ ಮೊದಲೇ ತೀರ್ಪು ಕೊಟ್ಟಿರುತ್ತಾರೆ. ಅವರ ತೀರ್ಪನ್ನು ತಪ್ಪು ಎನ್ನಲಾಗದು, ಅದು ಬೇರೆ ಸುಗಂಧದ ಮೇಲಿನ ತೀರ್ಪು.

ಗಂಡಸರದ್ದೋ, ಹೆಂಗಸರದ್ದೋ

ಇದನ್ನು ಯುನಿಸೆಕ್ಸ್ ಎಂದು ಮಾರುತ್ತಾರೆ. ಅದರ ಮೇಲೂ ಜಗಳ ಉಂಟು: ಇದು ಪೂರ್ತಿ ಹುಡುಗಿಯರದು ಎನ್ನುವವರು ಒಂದು ಕಡೆ, ಗಂಡಸರ ಮೈಮೇಲೇ ಚೆಂದ ಎನ್ನುವವರು ಇನ್ನೊಂದು ಕಡೆ. ಈ ಜಗಳದ ಬೇರೂ ಅದೇ ಐದಾರು ವಸ್ತುಗಳಲ್ಲಿದೆ. ಎಥಿಲ್ ಮಾಲ್ಟಾಲನ್ನು ದೊಡ್ಡ ಪ್ರಮಾಣದಲ್ಲಿ ಜಗತ್ತಿಗೆ ತೋರಿಸಿದ್ದು 1992ರ ಏಂಜೆಲ್, ಅದು ಹೆಂಗಸರ ಸುಗಂಧವಾಗಿ ಮಾರಾಟವಾಯಿತು. ಅಲ್ಲಿಂದ ಮೂರು ದಶಕ ಕಾಯಿಸಿದ ಸಕ್ಕರೆ ಎಂದರೆ ಹೆಂಗಸರ ಕೌಂಟರು ಎಂದಾಯಿತು. ಅಂಬ್ರಾಕ್ಸಾನನ್ನು ಅಷ್ಟೇ ಜೋರಾಗಿ ಮನೆಮನೆಗೆ ಮುಟ್ಟಿಸಿದ್ದು 2015ರ ಡಿಯೋರ್ ಸೊವಾಜ್, ಅದು ಗಂಡಸರದು. ಬ್ಯಾಕರಾ ರೂಜ್ ಅದೇ ವರ್ಷ ಎರಡನ್ನೂ ಒಂದೇ ಬಾಟಲಿಯಲ್ಲಿ ಇಟ್ಟಿತು. ಸಕ್ಕರೆ ಹೆಚ್ಚು ಕಾಣುವ ಮೂಗಿಗೆ ಇದು ಹೆಂಗಸರದು, ಮರ ಹೆಚ್ಚು ಕಾಣುವ ಮೂಗಿಗೆ ಗಂಡಸರದು. ಗಂಡಸರ ಸುಗಂಧಗಳಲ್ಲಿ ದೊಡ್ಡ ಹೆಸರಾದ 1995ರ ಲ ಮಾಲ್ ಕೂಡ ಕುರ್ಕ್‌ಜಿಯಾನ್ ಅವರದೇ ಕೃತಿ, ಎರಡು ಕೌಂಟರುಗಳ ಲೆಕ್ಕವೂ ಅವರಿಗೆ ಬಾಯಿಪಾಠ.

ಹಾಗೆ ನೋಡಿದರೆ ಈ ಗೆರೆಯೇ ಈಚಿನದು. 1889ರ ಗೆರ್ಲಾನ್ ಜಿಕಿಯನ್ನು ಇಬ್ಬರೂ ಹಾಕಿಕೊಂಡರು. 1994ರಲ್ಲಿ ಸಿಕೆ ವನ್ ಬಂದಾಗ ಯುನಿಸೆಕ್ಸ್ ಎನ್ನುವುದೇ ಮಾರಾಟದ ಮಾತಾಯಿತು, ಆದರೆ ಅದು ಯಾರಿಗೂ ಬೇಸರವಾಗದಷ್ಟು ಹಗುರ, ತೊಳೆದ ಅಂಗಿಯ ಪರಿಮಳ. ಇಬ್ಬರಿಗೂ ಸಲ್ಲಲು ಎರಡೂ ಬದಿಯ ಜೋರನ್ನು ತಗ್ಗಿಸುವುದು ಆಗಿನ ದಾರಿ. ಎರಡೂ ಬದಿಯ ಜೋರನ್ನು ಹೆಚ್ಚಿಸಿದ್ದು ಬ್ಯಾಕರಾ ರೂಜ್. ಮೈಸೂರಿನ ದೇವರಾಜ ಮಾರುಕಟ್ಟೆಯ ಎಣ್ಣೆ ಅಂಗಡಿಗಳಲ್ಲಿ ಸಾಲಾಗಿ ನಿಂತ ಸೀಸೆಗಳ ಮೇಲೆ ಗಂಧ, ಕೇದಿಗೆ, ಖಸ್ ಎಂದು ವಸ್ತುವಿನ ಹೆಸರಿರುತ್ತದೆ, ಯಾರು ಹಾಕಿಕೊಳ್ಳಬೇಕು ಎಂದಿರುವುದಿಲ್ಲ. ಹಣೆಗೆ ಗಂಧ ಇಟ್ಟುಕೊಂಡೇ ಬೆಳೆದ ನಮಗೆ ಈ ಪ್ರಶ್ನೆ ತಲೆ ಕೆಡಿಸಬೇಕಾದದ್ದಲ್ಲ.

ಐದು ಸೀಸೆ, ಒಂದು ಸಂಜೆ

ಜಗಳ ನಿಮ್ಮ ಮನೆಯಲ್ಲೇ ಇದ್ದರೆ ಅದು ಯಾವ ವಸ್ತುವಿನ ಮೇಲೆ ಎಂದು ಕಂಡುಹಿಡಿಯಬಹುದು. ಸುಗಂಧ ಸಾಮಗ್ರಿ ಮಾರುವವರ ಹತ್ತಿರ ಇವೆಲ್ಲ ಸಣ್ಣ ಅಳತೆಯಲ್ಲಿ ಸಿಗುತ್ತವೆ. 0.01 ಗ್ರಾಂವರೆಗೆ ತೂಗುವ ತಕ್ಕಡಿ ಬೇಕು, ಒಡವೆ ತೂಗುವ ಚಿಕ್ಕದು ಸಾಕು. ಕರಗಿಸಲು ಪರ್ಫ್ಯೂಮರ್ಸ್ ಆಲ್ಕೊಹಾಲ್. ಮೆಡಿಕಲ್ ಶಾಪಿನ ಸ್ಪಿರಿಟ್ಟಾಗಲಿ ಸ್ಯಾನಿಟೈಸರ್ ಆಗಲಿ ಬೇಡ, ಅವುಗಳ ಸ್ವಂತ ವಾಸನೆಯೇ ಎಲ್ಲವನ್ನೂ ನುಂಗುತ್ತದೆ. ಹೀಡಿಯೋನ್ 1 ಗ್ರಾಂ, ಆಲ್ಕೊಹಾಲ್ 9 ಗ್ರಾಂ. ಅಂಬ್ರಾಕ್ಸಾನ್ ಕೂಡ 1ಕ್ಕೆ 9. ಎವರ್ನಿಲ್ 0.5 ಗ್ರಾಂ, ಆಲ್ಕೊಹಾಲ್ 9.5. ಎಥಿಲ್ ಮಾಲ್ಟಾಲ್ ಮತ್ತು ಸಫ್ರಾಲಿನ್ ತಲಾ 0.1 ಗ್ರಾಂ, ಆಲ್ಕೊಹಾಲ್ 9.9. ಹರಳುಗಳು ಬೇಗ ಕರಗದಿದ್ದರೆ ಮುಚ್ಚಳ ಬಿಗಿಮಾಡಿ ಸೀಸೆಯನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು ಅಲುಗಿಸಿ. ಒಲೆಯ ಹತ್ತಿರ ಒಯ್ಯಬೇಡಿ, ಆಲ್ಕೊಹಾಲಿನ ಆವಿಗೆ ಬೆಂಕಿ ಹತ್ತಲು ಕಿಡಿ ಸಾಕು. ಎಥಿಲ್ ಮಾಲ್ಟಾಲಿಗೆ ತುಕ್ಕು ತಾಗಿದರೆ ಅದು ಕಬ್ಬಿಣವನ್ನು ಹಿಡಿದುಕೊಂಡು ಕೆಂಪಗಾಗುತ್ತದೆ, ಪ್ಲಾಸ್ಟಿಕ್ ಇಲ್ಲವೇ ಗಾಜಿನ ಕಡ್ಡಿಯನ್ನೇ ಬಳಸಿ. ಇದೆಲ್ಲ ಕಾಗದದ ಪಟ್ಟಿಗೆ ಮಾತ್ರ, ಚರ್ಮಕ್ಕೆ ಹಚ್ಚಬೇಡಿ.

ಪಟ್ಟಿಗಳ ತುದಿಯನ್ನು ಒಂದು ಸೆಂಟಿಮೀಟರ್ ಅದ್ದಿ, ಹೆಸರಿನ ಬದಲು ಸಂಖ್ಯೆ ಬರೆಯಿರಿ, ಯಾವುದು ಏನೆಂದು ಒಬ್ಬರಿಗೆ ಮಾತ್ರ ಗೊತ್ತಿರಲಿ. ಅರ್ಧ ನಿಮಿಷ ಬಿಟ್ಟರೆ ಆಲ್ಕೊಹಾಲ್ ಹೋಗುತ್ತದೆ. ಹೀಡಿಯೋನಿನಿಂದ ಶುರುಮಾಡಿ, ಎವರ್ನಿಲ್, ಎಥಿಲ್ ಮಾಲ್ಟಾಲ್, ಸಫ್ರಾಲಿನ್, ಕೊನೆಗೆ ಅಂಬ್ರಾಕ್ಸಾನ್. ಒಂದೊಂದರ ನಡುವೆ ಎರಡು ನಿಮಿಷ ಬಿಡುವು. ಮಾತಾಡದೆ ಎಲ್ಲರೂ ಬೇರೆ ಬೇರೆ ಬರೆದುಕೊಳ್ಳಬೇಕು. ಒಬ್ಬರು 'ಮಿಠಾಯಿ' ಎಂದು ಬಾಯಿಬಿಟ್ಟರೆ ಉಳಿದವರಿಗೂ ಅದೇ ಬರಲು ಶುರುವಾಗುತ್ತದೆ. ಕಾಫಿ ಬೀಜ ಮೂಸಿದರೆ ಮೂಗು ಹೊಸದಾಗುತ್ತದೆ ಎಂದು ಕೌಂಟರಿನಲ್ಲಿ ಕೊಡುತ್ತಾರಲ್ಲ, ಪರೀಕ್ಷಿಸಿ ನೋಡಿದಾಗ ಅದು ಬರೀ ಗಾಳಿಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ಕಿಟಕಿಯ ಹತ್ತಿರ ನಿಂತರೆ ಸಾಕು.

ಆಮೇಲೆ ಬೆರೆಸಿ: ಹೀಡಿಯೋನ್ 10 ಹನಿ, ಅಂಬ್ರಾಕ್ಸಾನ್ 5, ಎಥಿಲ್ ಮಾಲ್ಟಾಲ್ 10, ಎವರ್ನಿಲ್ 4, ಸಫ್ರಾಲಿನ್ 3. ಇದು ಕುರ್ಕ್‌ಜಿಯಾನ್ ಅವರ ಸೂತ್ರವಲ್ಲ, ಮೂಗಿಗೆ ಪಾಠ ಹೇಳಲು ಎಳೆದ ಗೆರೆಚಿತ್ರ. ಆದರೂ ಬ್ಯಾಕರಾ ರೂಜ್ ಗೊತ್ತಿರುವವರು ಕೂಡಲೇ ಗುರುತು ಹಿಡಿಯುತ್ತಾರೆ. ಇನ್ನೊಂದು ಸೀಸೆಯಲ್ಲಿ ಎಥಿಲ್ ಮಾಲ್ಟಾಲನ್ನು 25 ಹನಿಗೆ ಏರಿಸಿ, ಅಗ್ಗದ ನಕಲಿನ ಅಂಟು ಸಿಹಿ ಬರುತ್ತದೆ. ಮೂರನೆಯದರಲ್ಲಿ ಸಫ್ರಾಲಿನ್ 10 ಹನಿ ಹಾಕಿ, ಮಿಠಾಯಿ ಎನ್ನುತ್ತಿದ್ದವರೂ ಆಸ್ಪತ್ರೆಯ ಕಾರಿಡಾರಿಗೆ ಬರುತ್ತಾರೆ. ನಾಲ್ಕನೆಯದರಲ್ಲಿ ಅಂಬ್ರಾಕ್ಸಾನ್ ಬಿಟ್ಟುಬಿಡಿ. ಮೊದಲನೆಯದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎನ್ನುವವರು ನಿಮ್ಮ ಮನೆಯಲ್ಲಿದ್ದರೆ, ಅವರಿಗೆ ಈ ಸುಗಂಧ ಯಾಕೆ ಹಿಡಿಸುವುದಿಲ್ಲ ಎಂದು ಕೇಳುವ ಅಗತ್ಯವೇ ಇಲ್ಲ. ಅಂಬ್ರಾಕ್ಸಾನಿನ ಪಟ್ಟಿಯನ್ನು ಎಸೆಯದೆ ಮರುದಿನ ಬೆಳಿಗ್ಗೆ ಮತ್ತೆ ಮೂಸಿಸಿ, ರಾತ್ರಿ ಕಾಣದ್ದು ಕೆಲವರಿಗೆ ಆಗ ಕಾಣುತ್ತದೆ.

ಕೊಳ್ಳುವ ಮೊದಲು, ಕೊಂಡ ಮೇಲೆ

ಕೌಂಟರಿನಲ್ಲಿ ಮೂಸಿ ಕೂಡಲೇ ಕೊಳ್ಳಬೇಡಿ. ಅಲ್ಲಿ ಹತ್ತು ಸೆಂಟುಗಳ ಗಾಳಿ ಮೊದಲೇ ಮೂಗನ್ನು ದಣಿಸಿರುತ್ತದೆ. 2 ಮಿ.ಲೀ. ಸ್ಯಾಂಪಲ್ ತಂದರೆ ಸುಮಾರು ಇಪ್ಪತ್ತು ಒತ್ತು ಸಿಗುತ್ತದೆ, ಎರಡು ವಾರಕ್ಕೆ ಸಾಕು. ಬಿಸಿಲಿನ ದಿನ ಒಮ್ಮೆ, ಎಸಿ ಕೋಣೆಯ ದಿನ ಒಮ್ಮೆ, ಮಳೆಯ ದಿನ ಒಮ್ಮೆ ಹಾಕಿ ನೋಡಿ. ಮಣಿಕಟ್ಟನ್ನು ಉಜ್ಜಿದರೆ ಅಣು ಒಡೆಯುತ್ತದೆ ಎನ್ನುವುದು ಸುಳ್ಳು, ಉಜ್ಜಿದಾಗ ಆಗುವುದು ಶಾಖ, ಅದರಿಂದ ಮೊದಲ ಹತ್ತು ನಿಮಿಷದ ಭಾಗ ಬೇಗ ಹೋಗುತ್ತದೆ ಅಷ್ಟೆ. ನಿಮಗೆ ಬರುತ್ತಿಲ್ಲ ಅನಿಸಿದಾಗ ಮತ್ತೆ ಒತ್ತುವ ಮುಂಚೆ ಹೊರಗಿನಿಂದ ಬಂದ ಒಬ್ಬರನ್ನು, ಒಂದು ಕೈಯಳತೆ ದೂರ ನಿಲ್ಲಿಸಿ, ಕೇಳಿ. ರೇಷ್ಮೆ ಸೀರೆಯ ಮೇಲೆ, ಶಲ್ಯದ ಮೇಲೆ ನೇರ ಹೊಡೆಯಬೇಡಿ, ಆಲ್ಕೊಹಾಲಿಗೆ ಕೆಲವು ಬಣ್ಣಗಳು ಬಿಡುತ್ತವೆ, ಕಲೆ ಉಳಿಯುತ್ತದೆ.

ಮನೆಯಲ್ಲಿ ಒಬ್ಬರಿಗೆ ಜೀವ, ಇನ್ನೊಬ್ಬರಿಗೆ ತಲೆನೋವು ಎಂದಾದರೆ ಸಹಿಸಿಕೋ ಎನ್ನುವುದು ನ್ಯಾಯವಲ್ಲ. ಅವರಿಗೆ ಬರುತ್ತಿರುವುದು ನಿಮಗೆ ಬರುತ್ತಿರುವುದಲ್ಲ. ಚರ್ಮದಿಂದ ತೆಗೆಯಲು ಬರೀ ಸೋಪು ಸಾಲದು, ಈ ಭಾರದ ಅಣುಗಳು ನೀರಿಗಿಂತ ಎಣ್ಣೆಗೆ ಬೇಗ ಒಲಿಯುತ್ತವೆ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒಂದು ನಿಮಿಷ ಬಿಟ್ಟು, ಟಿಶ್ಯೂವಿನಿಂದ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಹತ್ತಿ ಬಟ್ಟೆಯನ್ನು ಬಿಸಿನೀರಿನಲ್ಲಿ ಡಿಟರ್ಜೆಂಟಿನ ಜೊತೆ ಅರ್ಧ ಗಂಟೆ ನೆನೆಸಿ ಒಗೆದು ಗಾಳಿಯಾಡುವ ಕಡೆ ಒಣಹಾಕಿ. ದಿಂಬಿನ ಕವರನ್ನು ಮರೆಯಬೇಡಿ. ಮೈಗೆ ಹಾಕಿದ್ದಕ್ಕಿಂತ ಹೆಚ್ಚು ದಿನ ಅದು ಉಳಿಯುವುದು ಅಲ್ಲಿ.